ವಿಳಾಸವಿಲ್ಲದವನ ಮತಕ್ಷೇತ್ರ

ಹೋದ ದಸರೆಯ ಹೊತ್ತಿಗೆ ನಮ್ಮ ಕಟ್ಟಡದ ಹುಡುಗನೊಬ್ಬ ಒಂದು ಸ್ಮರಣ ಸಂಚಿಕೆಯ ಕರಡು ತಂದು ನನ್ನ ಮುಂದಿಟ್ಟ. ಹುಟ್ಟಿದ್ದು ನೆರೂಳಿನಲ್ಲಿ, ಓದಿದ್ದು ಇಂಗ್ಲಿಷಿನಲ್ಲಿ, ಕನ್ನಡ ಕಲಿತದ್ದು ಅಜ್ಜಿಯಿಂದ. ಅಂಥವನು ಕನ್ನಡದಲ್ಲಿ ಎರಡು ಪುಟ ಬರೆದು ತಂದರೆ ಕೆಂಪು ಪೆನ್ನು ಎತ್ತಲು ಕೈ ಬರುವುದಿಲ್ಲ. ಆದರೂ ಎತ್ತಬೇಕಾಯಿತು. 1967ರಲ್ಲಿ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್ ಎಸ್.ಕೆ. ಪಾಟೀಲರನ್ನು ಸೋಲಿಸಿದರು ಎಂದು ಬರೆದಿದ್ದ.

“ಮಗಾ, ಆಗ ರೈಲ್ವೆ ಮಂತ್ರಿಯಾಗಿದ್ದದ್ದು ಸೋತವರು. ಗೆದ್ದವರಲ್ಲ,” ಎಂದೆ.

“ಹಾಗಾದರೆ ಗೆದ್ದವರು ಏನಾಗಿದ್ದರು ಅಜ್ಜ?”

ಕಾರ್ಪೊರೇಟರ್ ಆಗಿದ್ದರು ಎಂದು ಹೇಳಿ ಮುಗಿಸಬಹುದಿತ್ತು. ನಾಲ್ವತ್ತು ವರ್ಷ ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದ, ಸಂಘಗಳ ವಾರ್ಷಿಕ ವರದಿ, ಬ್ಯಾಂಕಿನ ಫಾರ್ಮು ಎಂದು ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲೂ ಕರಡು ತಿದ್ದಿದವನು ನಾನು. ತಪ್ಪು ಪದವನ್ನು ಹೊಡೆದು ಸರಿಯಾದ್ದನ್ನು ಅಂಚಿನಲ್ಲಿ ಬರೆದರೆ ನನ್ನ ಕೆಲಸ ಆಯಿತು. ಈ ಸಲ ಅಂಚು ಸಾಲಲಿಲ್ಲ.

ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನಲ್ಲಿ. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನೂ ಜೂನ್ 3ರಂದೇ ಹುಟ್ಟಿದ್ದರಿಂದ ತಾಯಿ ಆಲಿಸ್ ಮಗನಿಗೆ ಅದೇ ಹೆಸರಿಟ್ಟರು. ಆರು ಮಕ್ಕಳಲ್ಲಿ ಇವರೇ ಹಿರಿಯರು. ಹಿರಿಮಗನನ್ನು ದೇವರ ಸೇವೆಗೆ ಬಿಡುವುದು ನಮ್ಮೂರ ಕಥೊಲಿಕ ಮನೆಗಳಲ್ಲಿ ಅಪರೂಪವಲ್ಲ. ಹದಿನಾರು ವರ್ಷದ ಹುಡುಗನನ್ನು ಪಾದ್ರಿಯಾಗಲೆಂದು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳಿಸಿದರು. ಅಲ್ಲಿ ಹಿರಿಯ ಪಾದ್ರಿಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ; ಕಲಿಯುವ ಹುಡುಗರಿಗೆ ತಗ್ಗಿನ ಮೇಜು, ಸಾಧಾರಣ ಊಟ. ಎರಡೂವರೆ ವರ್ಷಕ್ಕೆ ಹುಡುಗ ಹೊರಬಿದ್ದ. ದೇವರ ಮೇಲಿನ ಮುನಿಸಿಗಿಂತ ಊಟದ ಪಂಕ್ತಿಯ ಮೇಲಿನ ಮುನಿಸು ದೊಡ್ಡದಿತ್ತು ಎಂದು ನನಗೆ ಕಾಣುತ್ತದೆ. ಪಂಕ್ತಿಭೇದ ಎಂದರೇನು ಎಂದು ಘಟ್ಟದ ಕೆಳಗಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಊರಿಗೆ ಮರಳಿ ಬಸ್ಸಿನವರು, ಹೋಟೆಲಿನವರನ್ನು ಕೂಡಿಸಿ ಸಂಘ ಕಟ್ಟಲು ಹೊರಟರು. 1949ರಲ್ಲಿ ಬೊಂಬಾಯಿಗೆ ಬಂದಾಗ ಮಲಗಲು ಜಾಗವಿರಲಿಲ್ಲ. ಚೌಪಾಟಿಯ ಬೆಂಚಿನ ಮೇಲೆ ಮಲಗಿದರೆ ನಡುರಾತ್ರಿ ಪೊಲೀಸಿನವ ಬಂದು ಎಬ್ಬಿಸುತ್ತಿದ್ದ. ಕೊನೆಗೆ ಒಂದು ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಯಾವ ಕೆಲಸ? ಕರಡು ತಿದ್ದುವುದು! ಇದನ್ನು ನಾನು ಮೊದಲು ಓದಿದ ದಿನ ಪ್ರೆಸ್ಸಿನಲ್ಲಿ ಎಲ್ಲರಿಗೂ ನನ್ನ ಖರ್ಚಿನಲ್ಲಿ ಚಹಾ ಕುಡಿಸಿದ್ದೆ.

ಬೊಂಬಾಯಿಗೆ ಬರುವುದು ಎಂದರೆ ಆಗ ಏನೆಂದು ಹೇಳಬೇಕು. ನಾನು ಬಂದದ್ದು 1964ರಲ್ಲಿ, ಹದಿಮೂರನೆಯ ವಯಸ್ಸಿಗೆ, ಶಿರ್ವದ ಕಡೆಯಿಂದ. ಹುಬ್ಬಳ್ಳಿಯವರೆಗೆ ಬಸ್ಸು, ಪುಣೆಯವರೆಗೆ ಮೀಟರ್ ಗೇಜ್ ರೈಲು, ಅಲ್ಲಿಂದ ಬೇರೆ ರೈಲು. ಮಾವನ ಪರಿಚಯದ ಧನಿಯೊಬ್ಬರ ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸ. ರಾತ್ರಿ ಗಿರಾಕಿಗಳು ಖಾಲಿಯಾದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುವುದು. ಊರಿಗೆ ಕಾಗದ ಬರೆಯುವಾಗ ‘ಇಂತಿ’ ಎಂದು ಹೆಸರು ಹಾಕಿದ ಮೇಲೆ ಪೆನ್ನು ನಿಲ್ಲುತ್ತಿತ್ತು. ಉತ್ತರ ಎಲ್ಲಿಗೆ ಬರೆಯಿರಿ ಎನ್ನುವುದು? ಧನಿಗಳ ಹೆಸರು, ಹೋಟೆಲಿನ ಹೆಸರು. ನಮ್ಮದೆಂದು ಒಂದು ವಿಳಾಸ ಇರಲಿಲ್ಲ. ರಾತ್ರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ನನ್ನ ಹೆಸರು ನನ್ನದಾಗಿತ್ತು.

ವಿಳಾಸವಿಲ್ಲದವರ ಈ ಊರಿನಲ್ಲಿ ಜಾರ್ಜ್‌ಗೆ ಗುರುವಾಗಿ ಸಿಕ್ಕವರೂ ನಮ್ಮ ಕಡೆಯವರೇ, ಪ್ಲಾಸಿಡ್ ಡಿಮೆಲ್ಲೊ. ಬಂದರಿನ ಕೂಲಿಗಳ ನಾಯಕರಾಗಿದ್ದ ಅವರು 1958ರಲ್ಲಿ ತೀರಿಕೊಂಡರು. ಬಂದರಿನ ಪಕ್ಕದ ಪಿ. ಡಿಮೆಲ್ಲೊ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟೋ ಕನ್ನಡಿಗರಿಗೆ ಅದು ಯಾರ ಹೆಸರೆಂದು ಗೊತ್ತಿಲ್ಲ. ಇನ್ನೊಬ್ಬ ಗುರು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ. ಡಿಮೆಲ್ಲೊ ಅವರಿಂದ ಸಂಘಟನೆ, ಲೋಹಿಯಾರಿಂದ ಸಿಟ್ಟು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ. ಟ್ಯಾಕ್ಸಿಯವರು, ಮುನಿಸಿಪಾಲಿಟಿಯ ಕಸ ಗುಡಿಸುವವರು, ಹೋಟೆಲಿನ ಹುಡುಗರು ಒಬ್ಬೊಬ್ಬರಾಗಿ ಅವರ ಹಿಂದೆ ಸೇರಿದರು. ಹಕ್ಕು ಎಂಬುದು ಇವರ ಮಟ್ಟಿಗೆ ಸಣ್ಣ ಸಣ್ಣ ಸಂಗತಿಯಾಗಿತ್ತು: ವಾರದ ರಜೆ, ಮೀಟರಿನ ದರ, ಕೆಲಸದಿಂದ ತೆಗೆಯುವ ಮೊದಲು ಒಂದು ನೋಟೀಸು. ಸಂಪನ್ನ ಕುಟುಂಬದ ವಕೀಲರು ಮಾತಾಡುವ ಹಕ್ಕು ಬೇರೆ, ಇದು ಬೇರೆ. 1961ರಲ್ಲಿ ಜಾರ್ಜ್ ಮುಂಬಯಿ ಮಹಾನಗರಪಾಲಿಕೆಗೆ ಆಯ್ಕೆಯಾದರು. ಟ್ಯಾಕ್ಸಿ ಓಡಿಸುವವನನ್ನು ನಂಬಿ ಸಾಲ ಕೊಡುವ ಬ್ಯಾಂಕು ಬೇಕೆಂದು 1968ರಲ್ಲಿ ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕನ್ನೂ ಹುಟ್ಟುಹಾಕಿದರು. ಅಂದಿನವರು ಆ ಸಾಲದಿಂದ ಕೊಂಡ ಫಿಯೆಟ್ ಗಾಡಿಗಳ ಪೀಳಿಗೆ, ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು, 2023ರ ಅಕ್ಟೋಬರ್‌ವರೆಗೂ ಮುಂಬಯಿಯ ಬೀದಿಯಲ್ಲಿ ಓಡಿತು.

ಈಗ ಹುಡುಗ ತಪ್ಪು ಬರೆದ ಆ ಸಾಲಿಗೆ ಬರುತ್ತೇನೆ. 1967ರ ಫೆಬ್ರವರಿಯನ್ನು ಬಿಡಿಸಿ ನೋಡದೆ ಆ ಚುನಾವಣೆ ಅರ್ಥವಾಗುವುದಿಲ್ಲ. ಭಾಷೆಯ ಮೇಲೆ ಮಹಾರಾಷ್ಟ್ರ ರಾಜ್ಯ ಹುಟ್ಟಿ ಏಳು ವರ್ಷವೂ ಆಗಿರಲಿಲ್ಲ. 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಗಿತ್ತು. ‘ಮಾರ್ಮಿಕ’ ವಾರಪತ್ರಿಕೆಯಲ್ಲಿ ಕಂಪನಿಗಳಲ್ಲಿ ಕೆಲಸಕ್ಕಿರುವ ದಕ್ಷಿಣದವರ ಹೆಸರುಗಳ ಪಟ್ಟಿಗಳು ಬರುತ್ತಿದ್ದವು. ಶೆಟ್ಟಿ, ನಾಯರ್, ಅಯ್ಯರ್, ರಾವ್. ಉಡುಪಿ ಹೋಟೆಲುಗಳ ಗಾಜಿಗೆ ಕಲ್ಲು ಬೀಳುತ್ತಿದ್ದ ಕಾಲ. ನಮ್ಮ ಧನಿಗಳು ಬೋರ್ಡನ್ನು ಮರಾಠಿಯಲ್ಲಿ ಬರೆಸಿದರು. ಗಿರಾಕಿಗಳ ಎದುರು ತುಳು, ಕನ್ನಡ ಮಾತಾಡಕೂಡದೆಂದು ನಮಗೆ ಕಟ್ಟಪ್ಪಣೆ ಮಾಡಿದರು. ಅಡುಗೆಮನೆಯಲ್ಲಿ ಮಾತ್ರ ನಾವು ಊರಿನವರಾಗಿದ್ದೆವು.

ಅದೇ ಚುನಾವಣೆಯಲ್ಲಿ ಕೇರಳದ ವಿ.ಕೆ. ಕೃಷ್ಣ ಮೆನನ್ ಅವರಿಗೆ ಮುಂಬಯಿ ಕಾಂಗ್ರೆಸ್ ಟಿಕೆಟ್ ನಿರಾಕರಿಸಿತು. 1957, 1962 ಎರಡರಲ್ಲೂ ಇಲ್ಲಿಂದಲೇ ಗೆದ್ದಿದ್ದವರನ್ನು ಈಗ ಹೊರಗಿನವರು ಎಂದಿತು. ಮುಂಬಯಿ ಕಾಂಗ್ರೆಸ್ ಎಂದರೆ ಆಗ ಸದಾಶಿವ ಕಾನೋಜಿ ಪಾಟೀಲ್. ಮುಂಬಯಿಯ ಮುಕುಟವಿಲ್ಲದ ದೊರೆ, 1964ರಿಂದ ಕೇಂದ್ರದ ರೈಲ್ವೆ ಮಂತ್ರಿ. ಮೆನನ್ ಪಕ್ಷೇತರರಾಗಿ ನಿಂತು ಈಶಾನ್ಯ ಕ್ಷೇತ್ರದಲ್ಲಿ ಸೋತರು. ದಕ್ಷಿಣ ಕ್ಷೇತ್ರದಲ್ಲೋ, ಪಾಟೀಲರೇ ಸೋತರು. ಸೋಲಿಸಿದ್ದು ಮೂವತ್ತಾರರ ಮಂಗಳೂರಿಗ, ಸಂಯುಕ್ತ ಸೋಷಲಿಸ್ಟ್ ಪಕ್ಷದವನು, ಶೇಕಡಾ 48.5 ಮತ ಪಡೆದು.

ಕೇರಳದವ ಹೊರಗಿನವನಾದ ಊರಿನಲ್ಲಿ ಮಂಗಳೂರಿನವ ಹೇಗೆ ಒಳಗಿನವನಾದ? ಆಗ ನನಗೆ ಮತದಾನದ ವಯಸ್ಸಲ್ಲ. ಆದರೆ ಗಿರಾಕಿಗಳ ಮಾತು ಕೇಳಲು ವಯಸ್ಸು ಬೇಕಾಗಿಲ್ಲ. ಬೆಳಿಗ್ಗೆ ಐದಕ್ಕೆ ಚಹಾಕ್ಕೆ ಬರುತ್ತಿದ್ದ ಮುನಿಸಿಪಾಲಿಟಿಯ ಮರಾಠಿ ಕೆಲಸಗಾರರು ಅವರನ್ನು ‘ಜಾರ್ಜ್’ ಎಂದೇ ಏಕವಚನದಲ್ಲಿ ಕರೆಯುತ್ತಿದ್ದರು, ಅದೂ ಮನೆಯ ಹುಡುಗನನ್ನು ಕರೆಯುವ ಧಾಟಿಯಲ್ಲಿ. ಅವರೊಡನೆ ಮರಾಠಿಯಲ್ಲಿ, ಟ್ಯಾಕ್ಸಿಯವರೊಡನೆ ಹಿಂದಿಯಲ್ಲಿ, ನಮ್ಮವರೊಡನೆ ತುಳು, ಕನ್ನಡ, ಕೊಂಕಣಿಯಲ್ಲಿ ಮಾತಾಡುತ್ತಿದ್ದ ಮನುಷ್ಯ. ಹತ್ತು ಭಾಷೆ ಬರುತ್ತಿತ್ತಂತೆ. ಭಾಷೆ ಬಂದರೆ ಸಾಲದು. ಮೆನನ್ ದಿಲ್ಲಿಯಿಂದ ಬಂದು ಮತ ಕೇಳುತ್ತಿದ್ದರು. ಜಾರ್ಜ್ ಹದಿನೇಳು ವರ್ಷ ಈ ಬೀದಿಗಳಲ್ಲಿ ಲಾಠಿ ತಿಂದು, ಜೈಲಿಗೆ ಹೋಗಿ ಬಂದಿದ್ದರು. ಪಾಟೀಲರ ದೊಡ್ಡಸ್ತಿಕೆಯಿಂದ ಬೇಸತ್ತವರೂ ಸಾಕಷ್ಟಿದ್ದರು. ಎಣಿಕೆ ಮುಗಿದ ರಾತ್ರಿ ನಮ್ಮ ಧನಿಗಳು ಹೆಚ್ಚೇನೂ ಹೇಳಲಿಲ್ಲ. ಅಡುಗೆಯ ಭಟ್ಟರನ್ನು ಕರೆದು ನಾಳೆ ಹುಡುಗರಿಗೆ ಪಾಯಸ ಮಾಡಿ ಎಂದರು. ಹಬ್ಬವಿಲ್ಲದ ದಿನ ಪಾಯಸ ಉಂಡದ್ದು ಅದೊಂದೇ ಸಲ.

1974ರ ರೈಲ್ವೆ ಮುಷ್ಕರದ ಬಗ್ಗೆ ಪುಸ್ತಕಗಳೇ ಇವೆ. ಪಾಟೀಲರು ಆಳಿದ್ದ ಅದೇ ರೈಲ್ವೆಯ ನೌಕರರು ಅಖಿಲ ಭಾರತ ರೈಲ್ವೇಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರಾದ ಜಾರ್ಜ್ ಹಿಂದೆ ಮೇ 8ರಂದು ಕೆಲಸ ನಿಲ್ಲಿಸಿದರು. ಎಂಟು ಗಂಟೆಯ ದುಡಿಮೆ, ಬೋನಸ್ ಅವರ ಮುಖ್ಯ ಬೇಡಿಕೆಗಳು. ಮುಷ್ಕರ ಆರಂಭವಾಗುವ ಮೊದಲೇ ಜಾರ್ಜ್‌ರನ್ನು ಲಕ್ನೋದಲ್ಲಿ ಬಂಧಿಸಿದ್ದರು. ಸಾವಿರಾರು ಜನ ಜೈಲು ಸೇರಿದರು. ಮೇ 27ಕ್ಕೆ ಮುಷ್ಕರ ಮುರಿಯಿತು. ನನ್ನ ಭಾವನೂ ಅದರಲ್ಲಿದ್ದ. ಅಕ್ಕ ಆ ತಿಂಗಳು ಬಳೆ ಅಡವಿಟ್ಟಳು. ಆಮೇಲೆ ಬಿಡಿಸಿಕೊಂಡಳು, ಆದರೆ ಜಾರ್ಜ್ ಹೆಸರೆತ್ತಿದರೆ ಬಹಳ ವರ್ಷ ಕೈ ನೋಡಿಕೊಳ್ಳುತ್ತಿದ್ದಳು.

ಮುಂದಿನ ವರ್ಷ ತುರ್ತುಪರಿಸ್ಥಿತಿ. 1975ರ ಜೂನ್ 25ರಂದು ಜಾರ್ಜ್ ಒರಿಸ್ಸಾದ ಗೋಪಾಲಪುರದಲ್ಲಿದ್ದರು. ಅಲ್ಲಿಂದಲೇ ಭೂಗತರಾದರು. ಒಮ್ಮೆ ಬೆಸ್ತನ ವೇಷ, ಒಮ್ಮೆ ಸಿಖ್ಖನ ಪೇಟ. ಅಷ್ಟರಲ್ಲಿ ನಾನು ಸೇರಿದ್ದ ಪ್ರೆಸ್ಸಿನಲ್ಲಿ ಅಲ್ಲಿನ ಧನಿಗಳು ಯಾವ ಸಂಘದ ಕರಪತ್ರವನ್ನೂ ಒಳಗೆ ಬಿಡುತ್ತಿರಲಿಲ್ಲ. ಮೊಳೆ ಜೋಡಿಸುವವನಿಗೆ ನಾವು ತಮಾಷೆಗೆ ಹೇಳುತ್ತಿದ್ದೆವು: ಜ ಅಕ್ಷರದ ಮೊಳೆಗಳನ್ನು ಅಡಗಿಸಿಡು ಮಾರಾಯ. ಹೇಳಿ ಬಾಗಿಲ ಕಡೆ ನೋಡುತ್ತಿದ್ದೆವು.

ಬೆಂಗಳೂರಿನಲ್ಲಿ ನಡೆದದ್ದು ತಮಾಷೆಯಲ್ಲ. ತುರ್ತುಪರಿಸ್ಥಿತಿಯಲ್ಲಿ ಬಂಧಿತನಾದವನಿಗೆ ನ್ಯಾಯಾಲಯದ ಬಾಗಿಲು ಇಲ್ಲವೆಂದು ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ತೀರ್ಪು ಕೊಟ್ಟಿತು, ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮೂರೇ ದಿನಕ್ಕೆ, ಮೇ 1ರಂದು, ಜಾರ್ಜ್‌ರ ತಮ್ಮ ಲಾರೆನ್ಸ್‌ರನ್ನು ಮನೆಯಿಂದ ಎಳೆದೊಯ್ದರು. ಅಣ್ಣ ಎಲ್ಲಿ ಎಂಬ ಒಂದೇ ಪ್ರಶ್ನೆಗೆ ಅವರ ಮೈ ಜಜ್ಜಿಹೋಯಿತು. ತಾಯಿ ಆಲಿಸ್ ರಾಷ್ಟ್ರಪತಿಗೆ ಕಾಗದ ಬರೆದರು. ದೊರೆಯ ಹೆಸರನ್ನು ಮಗನಿಗಿಟ್ಟ ತಾಯಿ, ಈಗ ಇನ್ನೊಬ್ಬ ಮಗನ ಮೈಮೇಲಿನ ಗಾಯಗಳನ್ನು ಒಂದೊಂದಾಗಿ ಬರೆದು ಸರಕಾರಕ್ಕೆ ಕಳಿಸುವಂತಾಯಿತು. ಮೇ 2ರಂದು ಸ್ನೇಹಲತಾ ರೆಡ್ಡಿಯವರ ಬಂಧನ. ಗಂಡ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದವರು, ಜಾರ್ಜ್‌ಗೆ ಗೆಳತಿ. ಆಸ್ತಮಾ ರೋಗಿಯನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನ ಒಂಟಿ ಕೋಣೆಯಲ್ಲಿಟ್ಟರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ಟರು. ಐದು ದಿನಕ್ಕೆ, ಜನವರಿ 20ರಂದು ತೀರಿಕೊಂಡರು. ಜಾರ್ಜ್ ಸಿಕ್ಕಿದ್ದು 1976ರ ಜೂನ್ 10ರಂದು, ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲಿನಲ್ಲಿ. ಅವರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳಿ, ವಕೀಲರನ್ನು ಕೊಡಿ ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ಲಿನ ಸದಸ್ಯರು ತಂತಿ ಕಳಿಸಿದರು. ಜರ್ಮನಿಯ ವಿಲಿ ಬ್ರಾಂಟ್, ಸ್ವೀಡನ್ನಿನ ಉಲೋಫ್ ಪಾಲ್ಮೆ, ಆಸ್ಟ್ರಿಯದ ಬ್ರೂನೊ ಕ್ರೈಸ್ಕಿ ಇಂದಿರಾ ಗಾಂಧಿಯವರನ್ನು ಎಚ್ಚರಿಸಿದರು.

ತುರ್ತುಪರಿಸ್ಥಿತಿಯ ವಿರುದ್ಧ ಸಿಡಿಮದ್ದು ಕೂಡಿಹಾಕಿದ ಆರೋಪದ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಜಾರ್ಜ್ ಸೇರಿ ಒಟ್ಟು ಇಪ್ಪತ್ತೈದು ಆರೋಪಿಗಳಿದ್ದರು. ಮನುಷ್ಯರ ಹಕ್ಕಿಗೆಂದು ಹೊರಟವನು ಸಿಡಿಮದ್ದಿಗೆ ಕೈಹಾಕಬಹುದೆ? ಜೀವ ತೆಗೆಯುವ ಉದ್ದೇಶವಿರಲಿಲ್ಲ ಎಂದು ಅವರ ಕಡೆಯವರು ಹೇಳುತ್ತ ಬಂದಿದ್ದಾರೆ. ಸಿಡಿಮದ್ದಿಗೆ ಉದ್ದೇಶ ಓದಲು ಬರುವುದಿಲ್ಲ ಎಂಬುದು ನನ್ನ ಮಾತು. ಆದರೆ ಸುಪ್ರೀಂ ಕೋರ್ಟೇ ಕದ ಹಾಕಿಕೊಂಡ ವರ್ಷದಲ್ಲಿ ಮೇಜಿನ ಮುಂದೆ ಕೂತು ಕಾಗುಣಿತ ತಿದ್ದುತ್ತಿದ್ದ ನಾನು ಆ ಮಾತನ್ನು ಜೋರಾಗಿ ಹೇಳಲಾರೆ.

1977ರ ಮಾರ್ಚಿನಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ನಿಂತರು. ಪ್ರಚಾರಕ್ಕೆ ಒಂದು ದಿನವೂ ಹೋಗಲಿಲ್ಲ. ಕೋಳ ಹಾಕಿದ ಕೈಗಳನ್ನು ಮೇಲೆತ್ತಿದ ಅವರ ಫೋಟೊ ಮಾತ್ರ ಊರೂರು ತಿರುಗಿತು. ಮೂರು ಲಕ್ಷಕ್ಕೂ ಮಿಕ್ಕಿದ ಮತಗಳ ಅಂತರದಲ್ಲಿ ಗೆದ್ದರು. ಹೊಸ ಸರಕಾರ ಮೊಕದ್ದಮೆ ಹಿಂತೆಗೆಯಿತು. ಮಂಗಳೂರಿನವ ಬೊಂಬಾಯಿಯಿಂದ, ಆಮೇಲೆ ಬಿಹಾರದಿಂದ! ತನ್ನ ಸ್ವಂತ ರಾಜ್ಯದಲ್ಲಿ ಮಾತ್ರ ಅದೃಷ್ಟ ಕೈಕೊಟ್ಟಿತು: 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫರ ಎದುರು ಸೋತರು. ಕನ್ನಡಿಗರಾದ ನಾವು ಅವರಿಗೆ ಕೊಡದ ಲೋಕಸಭೆಯ ಕುರ್ಚಿಯನ್ನು ಮರಾಠಿಗರೂ ಬಿಹಾರಿಗಳೂ ಕೊಟ್ಟರು ಎಂಬುದನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ.

ನಮ್ಮ ಕಟ್ಟಡವಿರುವ ಸೀವುಡ್ಸಿಗೂ ಜಾರ್ಜ್‌ಗೂ ಏನು ನಂಟು ಎಂದು ಹುಡುಗ ಕೇಳಿದ. ಕಿಟಕಿಯಾಚೆ ಕೈ ತೋರಿಸಿದೆ. ಸ್ಟೇಷನ್ನಿನ ತಲೆಯ ಮೇಲೆ ಕೂತ ಮಾಲ್ ದಾಟಿ ಒಂದೇ ಸ್ಟೇಷನ್ ಹೋದರೆ ಬೇಲಾಪುರ, ಅಲ್ಲಿ ಬೇಲಾಪುರ ಭವನ, ಕೊಂಕಣ ರೈಲ್ವೆಯ ಮುಖ್ಯ ಕಚೇರಿ. 1989ರ ಕೊನೆಗೆ ಜಾರ್ಜ್ ರೈಲ್ವೆ ಮಂತ್ರಿಯಾದರು. ಕೊಂಕಣಕ್ಕೆ ರೈಲು ಬೇಕೆಂದು ವರ್ಷಗಟ್ಟಲೆ ಕೂಗಿದ್ದ ರಾಜಾಪುರದ ಮಧು ದಂಡವತೆ ಅದೇ ಸಂಪುಟದಲ್ಲಿ ಹಣಕಾಸು ಮಂತ್ರಿ. ಇಬ್ಬರು ಸಮಾಜವಾದಿಗಳ ಕೈಗೆ ಬೀಗವೂ ಬೀಗದ ಕೈಯೂ ಒಟ್ಟಿಗೆ ಸಿಕ್ಕಂತಾಯಿತು. 1990ರ ಜುಲೈ 19ರಂದು ನಿಗಮ ಸ್ಥಾಪನೆಯಾಯಿತು, ಇ. ಶ್ರೀಧರನ್ ಮುಖ್ಯಸ್ಥರಾದರು. ಬಂಡವಾಳದಲ್ಲಿ ಕೇಂದ್ರದ ಪಾಲು ಶೇಕಡಾ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಆ ಸರಕಾರ ಒಂದು ವರ್ಷವೂ ಬಾಳಲಿಲ್ಲ, ಹಳಿ ಮಾತ್ರ ಮುಂದೆ ಸಾಗಿತು. 1993ರ ಮಾರ್ಚಿನಲ್ಲಿ ಮಂಗಳೂರು-ಉಡುಪಿ ನಡುವೆ ಮೊದಲ ರೈಲು. 1998ರ ಜನವರಿ 26ಕ್ಕೆ ರೋಹಾದಿಂದ ತೋಕೂರಿನವರೆಗೆ ಪೂರ್ತಿ ದಾರಿ. ರೈಲಿನಲ್ಲಿ ಮುಂಬಯಿಯಿಂದ ಮಂಗಳೂರಿಗೆ 2,041 ಕಿಲೋಮೀಟರ್ ಇದ್ದದ್ದು 914ಕ್ಕೆ ಇಳಿಯಿತು. ದಾರಿಯಲ್ಲಿ ಸಾವಂತವಾಡಿ ಸಿಗುತ್ತದೆ. ಎಸ್.ಕೆ. ಪಾಟೀಲರು ಅಲ್ಲಿಯವರು. ಸೋತ ರೈಲ್ವೆ ಮಂತ್ರಿಯ ಊರಿಗೆ ಗೆದ್ದವನು ರೈಲು ತಂದ.

ಈ ಊರಿನ ಮಾತು ಬಂದಾಗ ಇನ್ನೊಂದು ಸೇರಿಸಲೇಬೇಕು. ನಾನು ಕೂತು ಬರೆಯುತ್ತಿರುವ ಮೂರನೆಯ ಮಾಳಿಗೆಯ ಕೆಳಗೆ ಒಂದು ಕಾಲಕ್ಕೆ ಆಗ್ರಿ, ಕೋಳಿ ಜನರ ನೆಲವಿತ್ತು. ಸರಕಾರದ ನಗರ ನಿರ್ಮಾಣ ನಿಗಮ ಸಿಡ್ಕೊ 1970ರಲ್ಲಿ ಹುಟ್ಟಿ ತೊಂಬತ್ತೈದು ಹಳ್ಳಿಗಳ ಭೂಮಿಯನ್ನು ಹೊಸ ನಗರಕ್ಕೆಂದು ಹಿಡಿಯಿತು. ಕರಾವೆ, ದಾರಾವೆ ಈಗ ಕಟ್ಟಡಗಳ ನಡುವೆ ಉಳಿದ ಓಣಿಗಳು. 1984ರ ಜನವರಿಯಲ್ಲಿ ಉರಣದ ಜಾಸಯಿಯಲ್ಲಿ ರೈತರ ಮೇಲೆ ಗುಂಡು ಹಾರಿ ಐವರು ಸತ್ತರು. ಅವರ ಹೋರಾಟ ನಡೆಸಿದ ದಿ.ಬಾ. ಪಾಟೀಲ್ ವಕೀಲರು, ಪನ್ವೇಲಿನಿಂದ ಐದು ಸಲ ಶಾಸಕರಾದವರು. ಹಿಡಿದ ಭೂಮಿಗೆ ಬದಲಾಗಿ ಶೇಕಡಾ ಹನ್ನೆರಡೂವರೆ ಅಭಿವೃದ್ಧಿಪಡಿಸಿದ ನಿವೇಶನ ಸಿಕ್ಕುವಂತಾದದ್ದು ಅವರ ಹಟದಿಂದ. ನಾವು ಪರವೂರಿನವರು ಇಲ್ಲಿ ಮನೆ ಕೊಂಡು ವಿಳಾಸ ಪಡೆದೆವು; ಇದ್ದೂರಿನವರು ಅದನ್ನೇ ಕಳೆದುಕೊಂಡರು. ಹುಡುಗನಿಗೆ ಇದನ್ನೂ ಬರೆ ಎಂದಿದ್ದೇನೆ.

ಮಂತ್ರಿಯಾದ ಮೇಲಿನ ಜಾರ್ಜ್ ಬಗ್ಗೆ ನನಗೆ ಒಂದೇ ಮನಸ್ಸಿಲ್ಲ. 1979ರ ಜುಲೈಯಲ್ಲಿ, ತಾವೇ ಮಂತ್ರಿಯಾಗಿದ್ದ ಮೊರಾರ್ಜಿ ಸರಕಾರವನ್ನು ಲೋಕಸಭೆಯಲ್ಲಿ ಎತ್ತಿ ಹಿಡಿದು ಮಾತಾಡಿ, ಎರಡು ದಿನ ಕಳೆಯುವುದರೊಳಗೆ ಕೈಬಿಟ್ಟರು. 2002ರ ಏಪ್ರಿಲ್‌ನಲ್ಲಿ ಗುಜರಾತಿನ ಹೆಂಗಸರ ಮೇಲಾದ ಕ್ರೌರ್ಯ ಹೊಸದೇನಲ್ಲ ಎನ್ನುವಂತೆ ಅದೇ ಸಭೆಯಲ್ಲಿ ಮಾತಾಡಿದರು. ಸ್ನೇಹಲತಾರ ಗೆಳೆಯನ ಬಾಯಲ್ಲಿ ಬರಬಾರದಿದ್ದ ಮಾತು. ಕರಡಾಗಿದ್ದರೆ ಹೊಡೆದುಹಾಕುತ್ತಿದ್ದೆ; ಅಚ್ಚಾಗಿ ಹೋಗಿದೆ.

ಅದೇ ಮನುಷ್ಯ ರಕ್ಷಣಾ ಮಂತ್ರಿಯಾಗಿದ್ದಾಗ ಬರ್ಮಾದ ಸೇನಾಡಳಿತದಿಂದ ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳು ಅವರ ದಿಲ್ಲಿಯ ಮನೆಯ ಆವರಣದಲ್ಲೇ ವಾಸವಾಗಿದ್ದರು, ಕಚೇರಿಯನ್ನೂ ಅಲ್ಲೇ ಇಟ್ಟುಕೊಂಡಿದ್ದರು. ಟಿಬೆಟಿನವರೂ ಬರುತ್ತಿದ್ದರು. ಆ ಮನೆಗೆ ಗೇಟು ಇರಲಿಲ್ಲ. ವಿಳಾಸ: 3, ಕೃಷ್ಣ ಮೆನನ್ ಮಾರ್ಗ. 1967ರಲ್ಲಿ ಬೊಂಬಾಯಿ ಹೊರಗಿನವನೆಂದು ಸೋಲಿಸಿದ್ದ ಅದೇ ಮೆನನ್. ಹುಡುಗನಿಗೆ ಇದನ್ನು ಹೇಳಿದಾಗ ಅವನು ನಂಬದೆ ಫೋನು ತೆಗೆದು ಹುಡುಕಿದ. ಸಿಕ್ಕಿತು.

ಜಾರ್ಜ್ 2019ರ ಜನವರಿ 29ರಂದು ತೀರಿಕೊಂಡರು. ಚಿತಾಭಸ್ಮದ ಒಂದು ಪಾಲು ಮಂಗಳೂರಿನ ಬಿಜೈ ಚರ್ಚಿನ ಸ್ಮಶಾನದಲ್ಲಿದೆ.

ಹುಡುಗನ ಎರಡು ಪುಟ ಈಗ ಆರಾಗಿದೆ. ಚಿತ್ರಕ್ಕೆಂದು ಅವನು 1967ರ ಒಂದು ಕರಪತ್ರ ಹುಡುಕುತ್ತಿದ್ದಾನೆ. ನನ್ನಲ್ಲಿ ಇಲ್ಲ, ತುರ್ತುಪರಿಸ್ಥಿತಿಯ ಹೆದರಿಕೆಯಲ್ಲಿ ಒಲೆಗೆ ಹಾಕಿದೆ. ಮುಂಬಯಿ, ಠಾಣೆ, ಡೊಂಬಿವಲಿ, ಕಲ್ಯಾಣದ ಮನೆಗಳಲ್ಲಿ ತೀರಿಹೋದ ಅಪ್ಪ, ಅಜ್ಜಂದಿರ ತಗಡಿನ ಪೆಟ್ಟಿಗೆಗಳು ಇನ್ನೂ ಇರಬಹುದು. ಯೂನಿಯನ್ನಿನ ರಸೀದಿ, ಟ್ಯಾಕ್ಸಿ ಬ್ಯಾಡ್ಜು, ರಾತ್ರಿ ಶಾಲೆಯ ಪ್ರಗತಿಪತ್ರ, ಕನ್ನಡದಲ್ಲೋ ಮರಾಠಿಯಲ್ಲೋ ಅಚ್ಚಾದ ಮುಷ್ಕರದ ಚೀಟಿ ಏನಾದರೂ ಸಿಕ್ಕರೆ ದಯವಿಟ್ಟು ರದ್ದಿಯವನಿಗೆ ಹಾಕಬೇಡಿ. ಮಾಹೀಮಿನ ಕರ್ನಾಟಕ ಸಂಘಕ್ಕೋ, ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಕೊಂಡುಹೋಗಿ ತೋರಿಸಿ. ಹಿಂಬದಿಯಲ್ಲಿ ಯಾರ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಅವರು ಯಾವ ಊರಿನಿಂದ ಯಾವ ವರ್ಷ ಬಂದವರು ಎಂದು ಪೆನ್ಸಿಲಿನಲ್ಲಿ ಬರೆದಿಡಿ.